ಎರಡು ದಿನ ತಿಂದ ಸೊನ್ನೆ, ಮತ್ತು ಮೇಜಿನ ಮೇಲೆ ಉಳಿದ ಪೆನ್ಸಿಲ್ಲು

ಅಡಿಕೆಚೊಗರು · ಬುಧವಾರ ರಾತ್ರಿ 10:40

ಹದಿನೇಳು ವರ್ಷದಿಂದ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ, ಆಮೇಲೆ ಸಾಗರದ ಹತ್ತಿರ ನಮ್ಮ ಮನೆಯಲ್ಲೇ. ಸಂಬಳ ಬರುವುದು ಹೊರದೇಶದ ಕಂಪನಿಯೊಂದರಿಂದ. ಅದರ ಜೊತೆಗೆ ನಮ್ಮ ಕಡೆಯ ಸಹಕಾರ ಸಂಘವೊಂದರ ಸದಸ್ಯರ ಲೆಕ್ಕದ ತಂತ್ರಾಂಶವನ್ನೂ ನೋಡಿಕೊಳ್ಳುತ್ತೇನೆ. ಅದಕ್ಕೆ ಸಂಬಳವಿಲ್ಲ, ಸರ್ವಸದಸ್ಯರ ಸಭೆಯ ದಿನ ಊಟ ಮತ್ತು ಒಂದು ಶಾಲು.

ಕಳೆದ ವಾರ ಸಂಘದಿಂದ ಕರೆ ಬಂತು. "ಶಂಕರ ಎಂದು ಹುಡುಕಿದರೆ ಅರ್ಧ ಶಂಕರರು ಸಿಗುತ್ತಿಲ್ಲ." ಪಟ್ಟಿಯನ್ನು ಉರುಳಿಸುತ್ತಾ ಹೋದರೆ ಎಲ್ಲರೂ ಇದ್ದಾರೆ, ಹೆಸರು ಬರೆದು ಹುಡುಕಿದರೆ ಮಾತ್ರ ನಾಪತ್ತೆ. ಗಂಗಾಧರ, ಮಂಜುನಾಥರದ್ದೂ ಇದೇ ಕಥೆ. ಕೇಶವ, ಗಣಪತಿಯವರಿಗೆ ಏನೂ ತೊಂದರೆಯಿಲ್ಲ. (ಈಗ ಬರೆಯುವಾಗ ಸುಳಿವು ಕಣ್ಣಿಗೆ ರಾಚುತ್ತದೆ. ಆಗ ರಾಚಲಿಲ್ಲ.)

ಎರಡು ದಿನ ಗುದ್ದಾಡಿದೆ. ಡೇಟಾಬೇಸಿನ ಇಂಡೆಕ್ಸ್ ಕಿತ್ತು ಮತ್ತೆ ಕಟ್ಟಿದೆ. ಅಕಾರಾದಿ ಕ್ರಮದ ನಿಯಮ ಬದಲಿಸಿದೆ. ಎಐ ಸಹಾಯಕನನ್ನು ಕೇಳಿದರೆ, ಒಂದೇ ಅಕ್ಷರವನ್ನು, ಅಕ್ಷರಗಳಿಗೆಲ್ಲ ಕ್ರಮಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು, ಅದನ್ನು ಒಂದೇ ರೂಪಕ್ಕೆ ತರಬೇಕು ಎಂದು ನಲವತ್ತು ಸಾಲಿನ ಕೋಡ್ ಬರೆದುಕೊಟ್ಟಿತು. ಚೆಂದದ ಕೋಡ್, ಮಾತೂ ಸುಳ್ಳಲ್ಲ. ಶಂಕರ ಮಾತ್ರ ಸಿಗಲಿಲ್ಲ.

ಮೂರನೆಯ ದಿನ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಮಳೆಯಲ್ಲೇ ಸ್ಕೂಟರ್ ಹತ್ತಿ ಸಂಘಕ್ಕೆ ಹೋದೆ. ಅಲ್ಲಿ ಇಪ್ಪತ್ತು ವರ್ಷದಿಂದ ಇರುವ ಗುಮಾಸ್ತೆ ಅಕ್ಕನ ಪಕ್ಕ ಕುಳಿತು, "ಒಂದು ಹೆಸರು ಬರೆಯಿರಿ, ನೋಡುತ್ತೇನೆ" ಎಂದೆ. ಅವರು ಶ ಒತ್ತಿದರು. ಬಲಗೈ ಬೆರಳು ಮೇಲಿನ ಅಂಕಿಗಳ ಸಾಲಿಗೆ ಹೋಗಿ ಸೊನ್ನೆಯನ್ನು ಒತ್ತಿತು. ಆಮೇಲೆ ಕ, ರ. ಅಲ್ಲಿನ ಕಂಪ್ಯೂಟರಿನಲ್ಲಿ ಅಂಕಿಗಳೂ ಕನ್ನಡದಲ್ಲೇ ಬರುವಂತೆ ಹೊಂದಿಸಿದ್ದಾರೆ. ಹಾಗಾಗಿ ಪರದೆಯ ಮೇಲೆ ಬಂದದ್ದು ಅಚ್ಚುಕಟ್ಟಾದ ‘ಶ೦ಕರ’. "ಅಕ್ಕ, ಅದು ಅಂಕಿಯಲ್ಲವೇ?" ಎಂದೆ. "ಸೊನ್ನೆ ತಾನೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ್ದೂ ಹಾಗೆಯೇ: ಶ, ಅದರ ಮುಂದೆ ಸೊನ್ನೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಎರಡು ಸಾಲು ಯೂನಿಕೋಡ್ ಕ್ರಮಸಂಖ್ಯೆ ಬರೆದೆ:

3254 3202 3221 3248
3254 3302 3221 3248

ಮೇಲಿನದು ಅನುಸ್ವಾರದ ಶಂಕರ, ಕೆಳಗಿನದು ಅಂಕಿಯ ಶ೦ಕರ. ನಾಚಿಕೆಯ ವಿಷಯವೆಂದರೆ ಈ ಎರಡೂ ಸಾಲುಗಳನ್ನು ಮೊದಲ ದಿನವೇ ಪರದೆಯ ಮೇಲೆ ತರಿಸಿಕೊಂಡಿದ್ದೆ. ಕಣ್ಣು ಹಾಯಿಸಿ "ಒಂದೇ ಇದೆ" ಎಂದು ಮುಂದೆ ಹೋಗಿದ್ದೆ.

ನಾನು ಕೋಡ್ ಬರೆಯುವ ಎಡಿಟರಿನಲ್ಲಿ 23 ಎಕ್ಸ್‌ಟೆನ್ಷನ್‌ಗಳಿವೆ. ಹತ್ತು ವರ್ಷದಲ್ಲಿ ಐದು ಎಡಿಟರ್ ಬದಲಿಸಿದ್ದೇನೆ. ಹೊಸ ಸಾಧನಗಳ ಹಿಂದೆ ಓಡುವುದನ್ನು ನಿಲ್ಲಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಮೇಜಿನ ಮೇಲೆ ಕೊನೆಗೆ ಉಳಿದದ್ದು ಏನು?

ರಾತ್ರಿಪಾಳಿ · ಬುಧವಾರ ರಾತ್ರಿ 10:52

3202 ಮತ್ತು 3302. ಸರಿಯಾಗಿ ನೂರು ಮನೆ ಆಚೆ. ಯೂನಿಕೋಡ್‌ನವರು ಬೇಕೆಂದೇ ಇಟ್ಟಂತಿದೆ.

ಸೆಮಿಕೋಲನ್ · ಬುಧವಾರ ರಾತ್ರಿ 11:05

ಕ್ಷಮಿಸಿ, ಪೆನ್ಸಿಲ್ಲಿನ ಗುಣಗಾನ ನನಗೆ ಒಪ್ಪಿಗೆಯಿಲ್ಲ. ಎರಡು ಕಡತಗಳ ವ್ಯತ್ಯಾಸ ತೋರಿಸುವ ಡಿಫ್ 1970ರ ದಶಕದಿಂದ ಇದೆ. ಆ ಎರಡು ಸಾಲುಗಳನ್ನು ಅದಕ್ಕೆ ಕೊಟ್ಟಿದ್ದರೆ ಕ್ಷಣದಲ್ಲಿ ಬಣ್ಣ ಹಚ್ಚಿ ತೋರಿಸುತ್ತಿತ್ತು. ಸಾಧನವನ್ನು ಬಳಸದೆ ಸಾಧನ ಸೋತಿತು ಎನ್ನುವುದು, ಒಲೆ ಹಚ್ಚದೆ ಅನ್ನ ಬೇಯಲಿಲ್ಲ ಎಂದ ಹಾಗಾಯಿತು.

ಅಡಿಕೆಚೊಗರು · ಬುಧವಾರ ರಾತ್ರಿ 11:09

ಯಾವ ಎರಡನ್ನು ಹೋಲಿಸಬೇಕು ಎಂದು ಗೊತ್ತಿದ್ದರೆ ತಾನೇ ಡಿಫ್? ನಾನು ಹೋಲಿಸುತ್ತಿದ್ದದ್ದು ಹಳೆಯ ಕೋಡ್ ಮತ್ತು ಹೊಸ ಕೋಡ್. ತಪ್ಪು ಕೋಡಿನಲ್ಲೇ ಇರಬೇಕು ಎಂದು ತೀರ್ಮಾನಿಸಿಕೊಂಡೇ ಕುಳಿತಿದ್ದೆ.

ಬೀದರಬೈಟ್ · ಬುಧವಾರ ರಾತ್ರಿ 11:20

ಈ ‘ಬೆ೦ಗಳೂರು’ ರೋಗ ಹೊಸದಲ್ಲ ಸ್ವಾಮಿ. ಅರ್ಜಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸದಲ್ಲಿ ನಾನು ನಾಲ್ಕು ವರ್ಷ ಇದ್ದೆ. ಊರಿನ ಹೆಸರುಗಳ ಪಟ್ಟಿ ತೆಗೆದರೆ ಬೆಂಗಳೂರು ಎರಡೆರಡು ಸಲ, ಮಂಗಳೂರು ಎರಡೆರಡು ಸಲ. ಒಂದರಲ್ಲಿ ಅನುಸ್ವಾರ, ಇನ್ನೊಂದರಲ್ಲಿ ಅಂಕಿ. ನೋಡುವವರಿಗೆ ಎರಡೂ ಒಂದೇ.

ಹಿಡಿಯಲು ಸುಲಭದ ದಾರಿ ಇದೆ. ಕನ್ನಡದ ೦ ಅಂಕಿಯೇ ಎಂಬುದು ಕೋಡ್ ಬರೆಯುವ ಭಾಷೆಯಾದ ಪೈಥಾನ್‌ಗೆ ಚೆನ್ನಾಗಿ ಗೊತ್ತು. ೧೨ ಎಂದು ಬರೆದು ಪೂರ್ಣಾಂಕ ಮಾಡು ಎಂದರೆ ತಕರಾರಿಲ್ಲದೆ 12 ಮಾಡಿಕೊಡುತ್ತದೆ. ಆದ್ದರಿಂದ ಹೆಸರಿನ ಅಂಕಣದಲ್ಲಿ ಅಂಕಿ ಇದೆಯೇ ಎಂದು ಒಂದು ಸಾಲಿನ ಪರೀಕ್ಷೆ ಇಟ್ಟರೆ ಅಷ್ಟೂ ಶ೦ಕರರು ಸಾಲಾಗಿ ಎದ್ದು ನಿಲ್ಲುತ್ತಾರೆ. ನಾನು ಮೊದಲ ಸಲ ಓಡಿಸಿದಾಗ ನಮ್ಮ ಮೇಲಧಿಕಾರಿಯ ಹೆಸರೇ ಮೊದಲು ಬಂದಿತ್ತು.

ಹಳೆಗಂಟು · ಬುಧವಾರ ರಾತ್ರಿ 11:48

ನನಗೆ ಐವತ್ತಾರು. ನಿಮ್ಮ ಗುಮಾಸ್ತೆ ಅಕ್ಕನ ಪರವಾಗಿ ಎರಡು ಮಾತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಕಚೇರಿಗಳಿಗೆ ಅದು ಬರುವ ಹೊತ್ತಿಗೆ ಬಹಳ ವರ್ಷ ಕಳೆದಿತ್ತು. ಅಲ್ಲಿಯವರೆಗೆ ನಡೆದದ್ದು ಫಾಂಟ್‌ಗಳ ರಾಜ್ಯ. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಇರುವೆ ಹರಿದಂತೆ ಕಾಣುತ್ತಿತ್ತು. ಆಗ ಅಕ್ಷರ ‘ಏನು’ ಎಂಬ ಪ್ರಶ್ನೆಯೇ ಇರಲಿಲ್ಲ, ಕಾಗದದ ಮೇಲೆ ‘ಹೇಗೆ’ ಕಾಣುತ್ತದೆ ಎಂಬುದಷ್ಟೇ. ದುಂಡಗೆ ಕಂಡರೆ ಸೊನ್ನೆ, ಕೆಲಸ ಮುಗಿಯಿತು. ಅಂಥ ಕಾಲದಲ್ಲಿ ಬೆರಳು ಪಳಗಿಸಿಕೊಂಡವರಿಗೆ ಇವತ್ತು ನಾವು "ಅದು 3302, ಇದು 3202" ಎಂದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಅಂದರೆ ನುಡಿ ತಂತ್ರಾಂಶದಲ್ಲಿ ಬಳಸುವ ವಿನ್ಯಾಸದಲ್ಲಿ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ಎಂ ಒತ್ತಬೇಕು. ಎರಡು ಕೈಯ ಕೆಲಸ. ಮೇಲಿನ ಸಾಲಿನಲ್ಲಿ ಒಂದೇ ಒತ್ತಿಗೆ ಅದೇ ಆಕಾರ ಸಿಗುವಾಗ ಬೆರಳು ಯಾವುದನ್ನು ಆರಿಸಿಕೊಳ್ಳುತ್ತದೆ ಹೇಳಿ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ: ಇಪ್ಪತ್ತೆಂಟು ವರ್ಷದಿಂದ ನನ್ನದು ವಿಐ ಎಂಬ ಎಡಿಟರ್, ಆಮೇಲೆ ಅದರ ತಮ್ಮ ವಿಮ್. ಬಿಲ್ ಜಾಯ್ 1976ರಲ್ಲಿ ವಿಐ ಶುರು ಮಾಡಿದಾಗ ಬಳಸುತ್ತಿದ್ದ ಎಡಿಎಂ-3ಎ ಎಂಬ ಪರದೆ-ಕೀಲಿಮಣೆಯ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಇದ್ದವು. ಆ ಟರ್ಮಿನಲ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ನಾನು ಇವತ್ತಿಗೂ ಅವೇ ನಾಲ್ಕು ಕೀಲಿಗಳಿಂದ ಮೇಲೆ ಕೆಳಗೆ ಓಡಾಡುತ್ತೇನೆ. ಅಭ್ಯಾಸ ಎಂದರೆ ಹೀಗೆ. ಅಕ್ಕನಿಗೂ ನನಗೂ ಏನು ವ್ಯತ್ಯಾಸ?

ವಿಮ್ ಬರೆದ ಬ್ರಾಮ್ ಮೊಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಖಾಲಿ ವಿಮ್ ತೆರೆದಾಗ ಉಗಾಂಡದ ಬಡ ಮಕ್ಕಳಿಗೆ ಸಹಾಯ ಮಾಡಿ ಎಂಬ ಸಾಲು ಕಾಣುತ್ತಿತ್ತಲ್ಲ, ಅದನ್ನು ಇಷ್ಟು ವರ್ಷ ಓದಿಯೂ ಓದದವನ ಹಾಗೆ ಇದ್ದೆ. ಆ ವಾರ ಹಣ ಕಳಿಸಿದೆ.

ಟ್ಯಾಬ್‌ಪಕ್ಷ · ಗುರುವಾರ ಬೆಳಿಗ್ಗೆ 7:15

ಎಲ್ಲರೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಕಲಿತಿದ್ದರೆ ಈ ಗೋಳೇ ಇರಲಿಲ್ಲ. ಅನುಸ್ವಾರಕ್ಕೆ ಎಕ್ಸ್ ಕೀಲಿ, ಶಿಫ್ಟ್ ಬೇಡ, ಏನೂ ಬೇಡ.

ಹಳೆಗಂಟು · ಗುರುವಾರ ಬೆಳಿಗ್ಗೆ 7:31

ಶುರುವಾಯಿತು. ಕಾಫಿಯಾದರೂ ಕುಡಿದು ಬನ್ನಿ.

ಟ್ಯಾಬ್‌ಪಕ್ಷ · ಗುರುವಾರ ಬೆಳಿಗ್ಗೆ 7:33

ಕುಡಿದೇ ಬಂದಿದ್ದೇನೆ. ಅಂದ ಹಾಗೆ ವಿಮ್ ಭಕ್ತರಿಗೆ ಒಂದು ಪ್ರಶ್ನೆ: ಕೀಲಿಮಣೆ ಕನ್ನಡದಲ್ಲಿದ್ದಾಗ ಎಸ್ಕೇಪ್ ಒತ್ತಿ ಜೆ ಹೊಡೆದರೆ ಏನಾಗುತ್ತದೆ?

ಹಳೆಗಂಟು · ಗುರುವಾರ ಬೆಳಿಗ್ಗೆ 7:40

ಅದಕ್ಕೆ ಹೋಗುವುದು ಜ. ಅದೇನೆಂದು ಅದಕ್ಕೆ ತಿಳಿಯುವುದಿಲ್ಲ, ಸುಮ್ಮನೆ ಕೂರುತ್ತದೆ. ಪ್ರತಿ ಸಲ ಇಂಗ್ಲಿಷಿಗೆ ಬದಲಿಸಬೇಕು. ಹೌದು, ಕಿರಿಕಿರಿಯೇ. ಕನ್ನಡ ಬರಹಕ್ಕೆ ನಾನು ಬೇರೆ ಎಡಿಟರ್ ಬಳಸುತ್ತೇನೆ. ಈಗ ಸಮಾಧಾನವೇ?

ಕಡಲಮಳೆ · ಗುರುವಾರ ಬೆಳಿಗ್ಗೆ 9:02

ಅಡಿಕೆಚೊಗರು ಮಾರಾಯರೇ, ಅಂಕಿಯ ೦ ಇರುವಲ್ಲೆಲ್ಲ ಅನುಸ್ವಾರ ಹಾಕು ಎಂದು ಒಂದೇ ಏಟಿಗೆ ಓಡಿಸಿಬಿಡಬೇಡಿ. ವಿಳಾಸದ ಅಂಕಣದಲ್ಲಿ ‘ಮನೆ ನಂ. ೧೦೪’ ಇದ್ದರೆ ಅದು ‘೧ಂ೪’ ಆಗುತ್ತದೆ. ನೋಡಲು ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ, ಹಾಗಾಗಿ ಎರಡು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದಾಗ ನೀವು ಆ ಕೆಲಸ ಬಿಟ್ಟಿರುತ್ತೀರಿ, ಬಯ್ಗುಳ ತಿನ್ನುವವನು ನನ್ನಂಥವನು.

ಅಡಿಕೆಚೊಗರು · ಗುರುವಾರ ಬೆಳಿಗ್ಗೆ 9:20

ಓಡಿಸಿಬಿಟ್ಟಿದ್ದೆ! ಪುಣ್ಯಕ್ಕೆ ನಕಲು ಪ್ರತಿಯ ಮೇಲೆ. ಈಗ ನಿಯಮ ಬದಲಿಸಿದ್ದೇನೆ: ಸೊನ್ನೆಯ ಹಿಂದೆ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದರೆ ಮಾತ್ರ ಅನುಸ್ವಾರ, ಹಿಂದೆ ಅಂಕಿಯಿದ್ದರೆ ಮುಟ್ಟಬೇಡ. ಅದೂ ಹೆಸರು ಮತ್ತು ಊರಿನ ಅಂಕಣಗಳಲ್ಲಿ ಮಾತ್ರ.

ಕಡಲಮಳೆ · ಗುರುವಾರ ಬೆಳಿಗ್ಗೆ 9:24

ಯಾರಾದರೂ ‘ವಾರ್ಡ್೦೨’ ಎಂದು ಜಾಗ ಬಿಡದೆ ಬರೆದಿದ್ದರೆ?

ಅಡಿಕೆಚೊಗರು · ಗುರುವಾರ ಬೆಳಿಗ್ಗೆ 9:26

ನಮ್ಮೂರಿನಲ್ಲಿ ವಾರ್ಡ್ ಇಲ್ಲ. ಇರುವುದು ತೋಟ, ಗದ್ದೆ, ಮತ್ತೆ ತೋಟ.

ಬೀದರಬೈಟ್ · ಗುರುವಾರ ಬೆಳಿಗ್ಗೆ 9:50

ಅದೇ ಪಟ್ಟಿಯಲ್ಲಿ ರಾಜ್‌ಕುಮಾರ್ ಎಂಬ ಹೆಸರುಗಳನ್ನೂ ಒಮ್ಮೆ ನೋಡಿಕೊಳ್ಳಿ. ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆ ಕೂತಿರುತ್ತದೆ. ಕ್ರಮಸಂಖ್ಯೆ 8204. ಅದು ಇಲ್ಲದಿದ್ದರೆ ಕಕಾರ ಜಕಾರದ ಕೆಳಗೆ ಒತ್ತಾಗಿ ಇಳಿದು ‘ರಾಜ್ಕುಮಾರ್’ ಆಗುತ್ತದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಮೊಬೈಲಿನ ಕೀಲಿಮಣೆಗಳು ತಮಗೆ ತೋಚಿದಂತೆ ಹಾಕುತ್ತವೆ. ಹುಡುಕುವಾಗ ಆ ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆದರೆ ಉಳಿಸಿಡುವಾಗ ಕಿತ್ತು ಬಿಸಾಡಲೂ ಬೇಡಿ. ಅವರ ಹೆಸರು, ಅವರು ಬರೆದಂತೆ ಇರಲಿ.

ಅಂಕಣದ ಅಳತೆಯೂ ಒಂದು ತಲೆನೋವು. ‘ಕರ್ನಾಟಕ’ ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡಿಗೆ 7. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಉಳಿಸಿದರೆ 21 ಬೈಟು. "ಹೆಸರಿಗೆ 20 ಸಾಕು" ಎಂದು ಯಾರೋ ಇಂಗ್ಲಿಷ್ ಹೆಸರು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಂಕಣದಲ್ಲಿ ನಮ್ಮ ರಾಜ್ಯವೇ ಹಿಡಿಸುವುದಿಲ್ಲ.

ರಾತ್ರಿಪಾಳಿ · ಗುರುವಾರ ಬೆಳಿಗ್ಗೆ 10:11

ಎಸ್‌ಎಂಎಸ್‌ನದ್ದೂ ಅದೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70. "ನಿಮ್ಮ ಸಾಲದ ಕಂತು ಬಾಕಿ ಇದೆ" ಎನ್ನುವುದನ್ನು ಮರ್ಯಾದೆಯಿಂದ ಹೇಳಲು ಹೊರಟರೆ ಎರಡು ಸಂದೇಶದ ದುಡ್ಡು ಬೀಳುತ್ತದೆ.

ಕೆಂಪುಬಸ್ಸು · ಗುರುವಾರ ಮಧ್ಯಾಹ್ನ 1:35

ಊಟದ ಬಿಡುವಿನಲ್ಲಿ ಓದಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ಎಂಟು ಜನರ ತಂಡ ನೋಡಿಕೊಳ್ಳುತ್ತೇನೆ. ಸೊನ್ನೆಯ ಕಥೆ ಚೆನ್ನಾಗಿದೆ, ಆದರೆ ಸಾಧನಗಳ ಬಗ್ಗೆ ನನಗಿರುವ ತಕರಾರು ಬೇರೆ.

ಮೊದಲು ಒಬ್ಬರು ದಿನಕ್ಕೆ ಒಂದು ಬದಲಾವಣೆ ಕಳಿಸುತ್ತಿದ್ದರು, ನಾನು ಓದಿ ಒಪ್ಪುತ್ತಿದ್ದೆ. ಈಗ ಎಐ ಸಹಾಯಕ ಬಂದ ಮೇಲೆ ದಿನಕ್ಕೆ ನಾಲ್ಕು. ಬರೆಯುವ ಕೆಲಸ ಕಡಿಮೆಯಾಯಿತು, ಓದುವ ಕೆಲಸ ನಾಲ್ಕು ಪಟ್ಟಾಗಿ ನನ್ನ ತಲೆಗೆ ಬಂತು. ಕೋಡ್ ಕೆಟ್ಟದಾಗಿದ್ದರೆ ಬಯ್ದು ಹಿಂದಕ್ಕೆ ಕಳಿಸಬಹುದು. ಕೆಟ್ಟದಾಗಿರುವುದಿಲ್ಲ, ಅದೇ ಕಷ್ಟ. ನೀಟಾಗಿ ಬಾಚಿ ಪೌಡರ್ ಹಾಕಿಕೊಂಡು ಬಂದಿರುತ್ತದೆ. "ಇದನ್ನು ಇಲ್ಲಿ ಯಾಕೆ ಹಾಕಿದೆ?" ಎಂದರೆ ಹುಡುಗ ಒಂದು ನಿಮಿಷ ಸುಮ್ಮನಿದ್ದು, "ಕೇಳಿ ಹೇಳುತ್ತೇನೆ ಮೇಡಂ" ಎನ್ನುತ್ತಾನೆ. ಯಾರನ್ನು ಕೇಳುತ್ತೀಯಪ್ಪಾ?

2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಕೋಡ್ ಲೈಬ್ರರಿಯಲ್ಲಿ ಯಾರೋ ಗುಟ್ಟಾಗಿ ಇಟ್ಟ ಕಳ್ಳಬಾಗಿಲು ಸಿಕ್ಕಿತಲ್ಲ, ನೆನಪಿದೆಯೇ? ಅದನ್ನು ಹಿಡಿದದ್ದು ಆಂಡ್ರೆಸ್ ಫ್ರೌಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿದೆ ಎಂದು ಅವರಿಗೆ ಅನ್ನಿಸಿತು, ಬಿಡದೆ ಬೆನ್ನು ಹತ್ತಿದರು. ಅರ್ಧ ಸೆಕೆಂಡ್! ಅಳೆಯಲು ಅವರೂ ಸಾಧನ ಬಳಸಿದರು, ನಿಜ. ಆದರೆ ಇದು ಮೊದಲು ಹೀಗಿರಲಿಲ್ಲ ಎಂದು ಅನ್ನಿಸಬೇಕಾದರೆ ಮೊದಲು ಹೇಗಿತ್ತು ಎಂದು ಗೊತ್ತಿರಬೇಕು. ನನ್ನ ತಂಡದಲ್ಲಿ ಅದು ತಪ್ಪಿಹೋಗುತ್ತಿದೆ. ನನಗೂ.

ಇನ್ನು ಬದುಕಿನ ಮಾತು. ಕ್ಯಾಲಿಫೋರ್ನಿಯಾದವರ ಬೆಳಗಿನ 9ರ ಸಭೆ ನಮಗೆ ರಾತ್ರಿ 9:30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದೇ ಸಭೆ 10:30ಕ್ಕೆ ಜಾರುತ್ತದೆ. ಮಗಳು ಕೇಳಿದಳು, "ಅವರು ಗಡಿಯಾರ ತಿರುಗಿಸಿದರೆ ನಿನ್ನ ನಿದ್ದೆ ಯಾಕಮ್ಮ ಕಡಿಮೆಯಾಗಬೇಕು?" ಇದಕ್ಕೆ ಯಾವ ಸಾಧನದಲ್ಲಿ ಉತ್ತರವಿದೆಯೋ ತಿಳಿಸಿ.

ಸೆಮಿಕೋಲನ್ · ಗುರುವಾರ ಮಧ್ಯಾಹ್ನ 1:50

ಓದುವ ಹೊರೆಯ ಮಾತು ನೂರಕ್ಕೆ ನೂರು ನಿಜ. ನನ್ನ ಒಲೆಯ ಉಪಮೆಯನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅರ್ಧ ಮಾತ್ರ.

ಮೊದಲಕೆಲಸ · ಗುರುವಾರ ಮಧ್ಯಾಹ್ನ 2:20

ನನಗೆ 23. ಹಾಸನದ ಕಡೆಯವನು, ಕೆಲಸಕ್ಕೆ ಸೇರಿ ಏಳು ತಿಂಗಳು. ಎಲ್ಲರೂ ಹಿರಿಯರು, ತಪ್ಪು ತಿಳಿಯಬೇಡಿ. ಹದಿನೇಳು ವರ್ಷ ಆದವರು "ಪೆನ್ಸಿಲ್ ಸಾಕು" ಎನ್ನಬಹುದು. ನನ್ನ ಸಂದರ್ಶನದಲ್ಲಿ ಯಾರೂ ಪೆನ್ಸಿಲಿನ ಬಗ್ಗೆ ಕೇಳಲಿಲ್ಲ. ಹನ್ನೊಂದು ಸಾಧನಗಳ ಹೆಸರು ಹೇಳಿ, ಯಾವುದೆಲ್ಲ ಗೊತ್ತು ಎಂದರು. ಗೊತ್ತಿಲ್ಲ ಎಂದ ಎರಡು ಕಡೆ ಕೆಲಸ ಸಿಗಲಿಲ್ಲ.

"ಕೇಳಿ ಹೇಳುತ್ತೇನೆ" ಎಂದ ಆ ಹುಡುಗನ ಜಾಗದಲ್ಲಿ ನಾನೂ ಇದ್ದೇನೆ. ನಮಗೆ ಕೊಟ್ಟ ಗಡುವೇ ನಾಲ್ಕು ಪಟ್ಟು ವೇಗಕ್ಕೆ ಲೆಕ್ಕ ಹಾಕಿದ್ದು. ನಿಧಾನವಾಗಿ ಅರ್ಥ ಮಾಡಿಕೊಂಡು ಬರೆದರೆ ವಾರದ ಕೊನೆಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗುರುತು.

ಕೆಂಪುಬಸ್ಸು · ಗುರುವಾರ ಮಧ್ಯಾಹ್ನ 2:41

ಇದಕ್ಕೆ ನನ್ನಲ್ಲಿ ಥಟ್ಟನೆ ಉತ್ತರವಿಲ್ಲ. ಆ ಗಡುವು ಹಾಕುವವರಲ್ಲಿ ನಾನೂ ಒಬ್ಬಳು. ಸಂಜೆ ಬರೆಯುತ್ತೇನೆ.

ಹಳೆಗಂಟು · ಗುರುವಾರ ಮಧ್ಯಾಹ್ನ 3:05

ಮೊದಲಕೆಲಸ, ನೀನು ಸರಿಯಾಗಿಯೇ ಹೇಳಿದೆಯಪ್ಪಾ. ಒಂದೇ ಒಂದು ಸಲಹೆ, ಬೇಡವೆನಿಸಿದರೆ ಬಿಡು. ದಿನಕ್ಕೆ ಒಂದು ಬದಲಾವಣೆಯನ್ನಾದರೂ, ಕಳಿಸುವ ಮೊದಲು, ಗಣಕದ ಗಂಧವಿಲ್ಲದ ಯಾರಿಗಾದರೂ ಬಾಯಲ್ಲಿ ಹೇಳು. ನಾನು ನನ್ನ ತಾಯಿಗೆ ಹೇಳುತ್ತಿದ್ದೆ, ಅವರು ಅವರೆಕಾಯಿ ಬಿಡಿಸುತ್ತಾ ಕೂತಿರುವಾಗ. ಅವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ನಾನು ತಡವರಿಸಿದ ಜಾಗದಲ್ಲಿ ಮಾತ್ರ ತಪ್ಪದೆ ತಲೆಯೆತ್ತಿ, "ಅದು ಹೇಗೆ?" ಎನ್ನುತ್ತಿದ್ದರು. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಇರುತ್ತಿತ್ತು.

ಕೊಲ್ಲಿಯಾಚೆ · ಗುರುವಾರ ರಾತ್ರಿ 9:12

ಸ್ಯಾನ್ ಹೋಸೆಯಿಂದ. ತಾಯಿಯ ವಿಷಯ ಬಂತು, ಗಡಿಯಾರದ ವಿಷಯವೂ ಬಂತು, ಹಾಗಾಗಿ ನನ್ನದೊಂದು.

ನಮ್ಮ ತಂದೆ ಹೋದದ್ದು ಶ್ರಾವಣ ಬಹುಳ ಪಂಚಮಿ. ಮೊಬೈಲಿನ ಕ್ಯಾಲೆಂಡರಿನಲ್ಲಿ ‘ಪ್ರತಿ ವರ್ಷ’ ಎಂದು ಹಾಕಿದರೆ ಮುಂದಿನ ವರ್ಷ ತಪ್ಪು ದಿನ ಗಂಟೆ ಹೊಡೆಯುತ್ತದೆ, ಚಾಂದ್ರಮಾನ ವರ್ಷ 354 ದಿನದ್ದು. ನಾನೂ ಇಂಜಿನಿಯರ್ ಅಲ್ಲವೇ, ಲೆಕ್ಕ ಹಾಕುವ ಪ್ರೋಗ್ರಾಂ ಬರೆಯಲು ಕುಳಿತೆ. ತತ್ತ್ವ ಸರಳವೇ: ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ, 30 ತಿಥಿಗೆ ಒಂದು ತಿಂಗಳು. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಆದ್ದರಿಂದ ತಿಥಿಯೂ ಒಮ್ಮೆ ಇಪ್ಪತ್ತು ಗಂಟೆ, ಒಮ್ಮೆ ಇಪ್ಪತ್ತಾರು. ಒಂದು ಶನಿವಾರದಲ್ಲಿ ಬರೆದು ಮುಗಿಸಿ ಬೀಗಿದೆ.

2023ರಲ್ಲಿ ಅದು ಎರಡು ದಿನಾಂಕ ಕೊಟ್ಟಿತು: ಒಂದು ಆಗಸ್ಟ್‌ನಲ್ಲಿ, ಒಂದು ಸೆಪ್ಟೆಂಬರಿನಲ್ಲಿ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಹೇಳಿದರು, "ಮೊದಲನೆಯದು ಅಧಿಕ, ಎರಡನೆಯದು ನಿಜ. ನಿಜದಲ್ಲಿ ಮಾಡುವುದು. ನಿನ್ನ ಕಂಪ್ಯೂಟರಿಗೆ ನಿಜ ಯಾವುದು ಎಂದು ಗೊತ್ತಾಗುವುದಿಲ್ಲವೇ?"

ಅಲ್ಲಿಗೂ ಮುಗಿಯಲಿಲ್ಲ. ಪಂಚಮಿ ಶುರುವಾಗುವ ಗಳಿಗೆ ಇಡೀ ಭೂಮಿಗೆ ಒಂದೇ, ಆದರೆ ನಮ್ಮ ಗಡಿಯಾರ ಬೇಸಿಗೆಯಲ್ಲಿ ಅವರಿಗಿಂತ 12 ಗಂಟೆ 30 ನಿಮಿಷ ಹಿಂದೆ. ಶ್ರಾದ್ಧಕ್ಕೆ ನೋಡುವುದು ಅಪರಾಹ್ಣದಲ್ಲಿ ಇರುವ ತಿಥಿಯನ್ನು. ಮೈಸೂರಿನ ಅಪರಾಹ್ಣಕ್ಕೂ ಇಲ್ಲಿನ ಅಪರಾಹ್ಣಕ್ಕೂ ಕೆಲವು ವರ್ಷ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಈಗ ನನ್ನ ಪ್ರೋಗ್ರಾಂ ಎರಡೂ ಊರಿಗೆ ಲೆಕ್ಕ ಹಾಕುತ್ತದೆ, ಅಧಿಕ ಮಾಸವೂ ಅದಕ್ಕೆ ಗೊತ್ತು. ನಾನು ಮಾತ್ರ ಪ್ರತಿ ವರ್ಷವೂ ಅಮ್ಮನಿಗೆ ಫೋನ್ ಮಾಡಿಯೇ ದಿನ ಕೇಳುತ್ತೇನೆ. ಅವರು ಪಂಚಾಂಗ ತೆಗೆದು, ಕನ್ನಡಕ ಹುಡುಕಿ, ಓದಿ ಹೇಳುವವರೆಗೆ ಕಾಯುತ್ತೇನೆ.

ರಾತ್ರಿಪಾಳಿ · ಗುರುವಾರ ರಾತ್ರಿ 9:30

"ಕಂಪ್ಯೂಟರಿಗೆ ನಿಜ ಯಾವುದು ಗೊತ್ತಾಗುವುದಿಲ್ಲವೇ?" ಇದನ್ನು ಎಐ ಸಹಾಯಕನ ತಲೆಬರಹ ಮಾಡಬೇಕು.

ಟ್ಯಾಬ್‌ಪಕ್ಷ · ಗುರುವಾರ ರಾತ್ರಿ 9:44

ಯಾವ ಪಂಚಾಂಗ? ದೃಕ್ ಗಣಿತದ್ದೋ ಸೂರ್ಯಸಿದ್ಧಾಂತದ್ದೋ? ಎರಡರಲ್ಲಿ ತಿಥಿ ಮುಗಿಯುವ ಹೊತ್ತೇ ಬೇರೆ ಬೇರೆ ಬರುತ್ತದೆ.

ನಿರ್ವಾಹಕ · ಗುರುವಾರ ರಾತ್ರಿ 9:51

ಪಂಚಾಂಗದ ಜಗಳಕ್ಕೆ ಬೇರೆ ಎಳೆ ಇದೆ, ಕಳೆದ ಯುಗಾದಿಯಿಂದ ಅಲ್ಲಿ ಅದು ಮುಗಿದಿಲ್ಲ. ಇಲ್ಲಿ ಸೊನ್ನೆಗೆ ಮರಳಿ.

ಕೆಂಪುಬಸ್ಸು · ಗುರುವಾರ ರಾತ್ರಿ 11:58

ಸಂಜೆ ಎಂದಿದ್ದೆ, ಸಭೆ ಮುಗಿದದ್ದು ಈಗ. ಮೊದಲಕೆಲಸ, ಇವತ್ತು ನನ್ನ ತಂಡಕ್ಕೆ ಒಂದು ಮಾತು ಹೇಳಿದೆ: ಶುಕ್ರವಾರ ಹೊಸ ಬದಲಾವಣೆ ಯಾರೂ ಕಳಿಸಬೇಡಿ, ಆ ವಾರ ಕಳಿಸಿದ್ದರಲ್ಲಿ ಒಂದನ್ನು ಎಲ್ಲರೆದುರು ಸಾಲು ಸಾಲಾಗಿ ಓದಿ ಹೇಳಿ. ಮೇಲಿನವರು ಎಷ್ಟು ವಾರ ಒಪ್ಪುತ್ತಾರೋ ನೋಡೋಣ. ಗಡುವಿನ ಬಗ್ಗೆ ನೀನು ಹೇಳಿದ್ದಕ್ಕೆ ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ಟ್ಯಾಬ್‌ಪಕ್ಷ · ಶುಕ್ರವಾರ ಬೆಳಿಗ್ಗೆ 7:20

ಸರಿ, ಸೊನ್ನೆಗೆ ಮರಳುತ್ತೇನೆ. ಅಡಿಕೆಚೊಗರು ಅವರೇ, ಹಳೆಯ ಹೆಸರುಗಳನ್ನು ತಿದ್ದಿದಿರಿ. ಅಕ್ಕ ನಾಳೆಯೂ ಸೊನ್ನೆಯನ್ನೇ ಒತ್ತುತ್ತಾರೆ. ಅದಕ್ಕೇನು ಮಾಡುತ್ತೀರಿ?

ನಿಮ್ಮ ಎದುರು ಎರಡೇ ದಾರಿ. ಒಂದು, ಹೆಸರಿನ ಅಂಕಣದಲ್ಲಿ ಅಂಕಿ ಒತ್ತಿದರೆ ಕೆಂಪು ಅಕ್ಷರದಲ್ಲಿ ತಪ್ಪು ಎಂದು ತೋರಿಸುವುದು. ಎರಡು, ಸದ್ದಿಲ್ಲದೆ ಅನುಸ್ವಾರಕ್ಕೆ ಬದಲಿಸಿಬಿಡುವುದು. ನಾನು ಮೊದಲನೆಯದರ ಪರ. ನನ್ನ ಹೆಸರಿಗೆ ಕಾರಣವಾದ ಕಥೆ ಕೇಳಿ. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಕೋಡಿನಿಂದ ಪ್ರೋಗ್ರಾಂ ಕಟ್ಟುವ ಮೇಕ್ ಎಂಬ ಸಾಧನ ಬರೆದರು. ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು ಎಂಬ ನಿಯಮ ಅದರಲ್ಲಿ ಹೇಗೋ ಸೇರಿಕೊಂಡಿತು. ಕೆಲವೇ ವಾರಗಳಲ್ಲಿ ಅದು ಸರಿಯಿಲ್ಲ ಎಂದು ಅವರಿಗೂ ಅನ್ನಿಸಿತು. ಆದರೆ ಆಗಲೇ ಹನ್ನೆರಡು ಜನರಷ್ಟು ಅದನ್ನು ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡ ಎಂದು ಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಇವತ್ತಿಗೂ ನಾವೆಲ್ಲ, ಟ್ಯಾಬ್ ಇರುವಲ್ಲಿ ಎಂಟು ಖಾಲಿ ಜಾಗ ಬಿದ್ದರೆ, ಅರ್ಥವಾಗದ ಬಯ್ಗುಳ ತಿನ್ನುತ್ತಿದ್ದೇವೆ. ಈಗಲೇ ಅಕ್ಕನಿಗೆ ಹೇಳಿಬಿಡಿ.

ಕಡಲಮಳೆ · ಶುಕ್ರವಾರ ಬೆಳಿಗ್ಗೆ 8:48

ನಾನು ಎರಡನೆಯದರ ಪರ. ಇಪ್ಪತ್ತು ವರ್ಷ ಪಳಗಿದ ಬೆರಳಿಗೆ ದಿನಕ್ಕೆ ಐವತ್ತು ಸಲ ಕೆಂಪು ಅಕ್ಷರ ತೋರಿಸಿದರೆ ಅವರು ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟು ತಿಂಗಳ ಕೊನೆಗೆ ನಿಮ್ಮನ್ನೇ ಕರೆದು ತುಂಬಿಸಲು ಹೇಳುತ್ತಾರೆ. ನೋಡಿದ್ದೇನೆ.

ಬೀದರಬೈಟ್ · ಶುಕ್ರವಾರ ಬೆಳಿಗ್ಗೆ 9:15

ಸದ್ದಿಲ್ಲದೆ ಬದಲಿಸಿ. ಆದರೆ ಎಲ್ಲೆಲ್ಲಿ ಬದಲಿಸಿದಿರಿ ಎಂಬುದು ಲಾಗ್‌ನಲ್ಲಿ ಉಳಿಯಲಿ.

ಮೊದಲಕೆಲಸ · ಶುಕ್ರವಾರ ಬೆಳಿಗ್ಗೆ 9:40

ಅಕ್ಕನನ್ನು ಯಾರೂ ಕೇಳಲಿಲ್ಲವಲ್ಲ?

ಅಡಿಕೆಚೊಗರು · ಶನಿವಾರ ಮಧ್ಯಾಹ್ನ 12:30

ಮೊದಲಕೆಲಸ ಹೇಳಿದ್ದು ಸರಿ, ಕೇಳಬೇಕಿತ್ತು. ಕೇಳಲಿಲ್ಲ. ನಿನ್ನೆ ರಾತ್ರಿ ಕಡಲಮಳೆಯವರ ದಾರಿ ಹಿಡಿದು, ಬೀದರಬೈಟ್ ಹೇಳಿದಂತೆ ಲಾಗ್ ಇಟ್ಟು, ಹೊಸ ಆವೃತ್ತಿ ಹಾಕಿದೆ. ಹೆಸರಿನ ಅಂಕಣದಲ್ಲಿ ಅಕ್ಷರದ ಬೆನ್ನಲ್ಲೇ ಸೊನ್ನೆ ಒತ್ತಿದರೆ ಅದು ತಾನಾಗಿ ಅನುಸ್ವಾರವಾಗುತ್ತದೆ. ಹಳೆಯದರಲ್ಲಿ 61 ಹೆಸರು ತಿದ್ದಿದೆ. ಎಲ್ಲ ಶಂಕರರೂ ಸಿಕ್ಕರು.

ಈಗಷ್ಟೇ ಸಂಘದಿಂದ ಅಕ್ಕನ ಕರೆ. ಹುಡುಕಾಟ ಸರಿಯಾಗಿದೆಯಂತೆ, ಬಹಳ ಸಂತೋಷವಂತೆ. "ಆದರೆ ತಮ್ಮಾ, ಬೆಳಗಿನಿಂದ ಸೊನ್ನೆಯ ಆಕಾರ ಸ್ವಲ್ಪ ಬೇರೆ ಬರುತ್ತಿದೆ, ಪಕ್ಕದ ಅಕ್ಷರಕ್ಕೆ ಹೆಚ್ಚು ಅಂಟಿಕೊಳ್ಳುತ್ತಿದೆ. ಕೀಲಿಮಣೆ ಒಳಗೆ ನೀರು ಹೋಗಿರಬೇಕು, ಹೊಸದು ತರಿಸಿಕೊಡು" ಎಂದರು.

ಪರದೆಯ ಮೇಲೆ ಆ ವ್ಯತ್ಯಾಸ ಕೂದಲೆಳೆಯಷ್ಟು. ನನಗೆ ಎರಡು ದಿನ ಕಾಣಲಿಲ್ಲ. ಸೋಮವಾರ ಸ್ಕೂಟರ್ ಹತ್ತಿ ಹೋಗಿ, ಏನು ಮಾಡಿದ್ದೇನೆಂದು ಅವರಿಗೆ ಹೇಳುತ್ತೇನೆ. ಕೀಲಿಮಣೆಯನ್ನೂ ತೆಗೆದುಕೊಂಡು ಹೋಗುತ್ತೇನೆ, ಇರುವುದರಲ್ಲಿ ಸೊನ್ನೆಯ ಅಚ್ಚೇ ಅಳಿಸಿಹೋಗಿದೆ.